ಏಣಿ ಹಿಡಿದವರು ಮೇಲೆ ನೋಡಬಾರದು

ನಮ್ಮ ಭಾವನವರು, ಅಂದರೆ ನಮ್ಮ ಯಜಮಾನರ ಅಣ್ಣ, ಈ ಜನ್ಮದಲ್ಲಿ ಅಡುಗೆಮನೆಯ ಸ್ಟೂಲಿನ ಮೇಲೂ ಹತ್ತಿ ನಿಂತವರಲ್ಲ. ಆದರೂ ರಾಮಕೃಷ್ಣನಗರದ ನಮ್ಮ ಅಡ್ಡರಸ್ತೆಯಲ್ಲಿ ಅವರಿಲ್ಲದೆ ಒಂದು ನರಪಿಳ್ಳೆಯೂ ಏಣಿ ಹತ್ತುವಂತಿಲ್ಲ ಎಂದರೆ ನೀವು ನಂಬುತ್ತೀರಾ?

ನಂಬಬೇಕು. ಕೇಬಲ್ಲಿನವನು ಬರಲಿ, ಬೀದಿದೀಪ ಸರಿಮಾಡುವವನು ಬರಲಿ, ಎದುರುಮನೆ ಶಾರದಮ್ಮನವರು ನೀರಿನ ಟ್ಯಾಂಕು ತೊಳೆಸಲಿ, ಎಲ್ಲಿಂದಲೋ ವಾಸನೆ ಹಿಡಿದು ಭಾವನವರು ಪಂಚೆ ಎತ್ತಿ ಕಟ್ಟಿಕೊಂಡು ಹಾಜರಾಗುತ್ತಾರೆ. ಎರಡೂ ಕೈಯಲ್ಲಿ ಏಣಿ ಹಿಡಿದು, ಒಂದು ಪಾದವನ್ನು ಕೆಳಗಿನ ಮೆಟ್ಟಿಲಿಗೆ ಒತ್ತಿ, ನೆಲ ನೋಡುತ್ತಾ ನಿಂತರೆ ಮುಗಿಯಿತು. ಮೇಲೆ ಹೋದವನು ಇಳಿಯುವವರೆಗೆ ಅವರನ್ನು ಅಲ್ಲಿಂದ ಕದಲಿಸಲು ಊಟಕ್ಕೂ ಆಗುವುದಿಲ್ಲ, ಫೋನಿಗೂ ಆಗುವುದಿಲ್ಲ. ತೆಂಗಿನಕಾಯಿ ಕೀಳುವವನಿಗೆ ಏಣಿ ಬೇಕಿಲ್ಲವಲ್ಲ, ಆಗೇನು ಮಾಡುತ್ತಾರೆ ಎಂದು ನೀವು ಕೇಳಬಹುದು. ಮರವನ್ನೇ ಹಿಡಿದುಕೊಳ್ಳುತ್ತಾರೆ.

ಇದು ಇಂದು ನಿನ್ನೆಯ ಅಭ್ಯಾಸವಲ್ಲ. ನಮ್ಮವರು ಚಿಕ್ಕವರಿದ್ದಾಗ ಹಿತ್ತಲಿನ ಸೀಬೆ ಮರ ಹತ್ತಿದರೆ ಅಣ್ಣ ಕೆಳಗೆ ನಿಂತು ಬುಡವನ್ನು ತಬ್ಬಿಕೊಳ್ಳುತ್ತಿದ್ದರಂತೆ, ಮರ ಎಲ್ಲಿ ಎದ್ದು ಓಡಿಹೋಗುತ್ತದೋ ಎನ್ನುವ ಹಾಗೆ. ಕಿತ್ತ ಕಾಯನ್ನು ತಮ್ಮ ಮೇಲಿಂದ ಎಸೆಯುತ್ತಿದ್ದ. ಅಣ್ಣನ ಕೈ ಎರಡೂ ಮರಕ್ಕೆ ಮೀಸಲಾದ್ದರಿಂದ ಅವೆಲ್ಲ ಸೀದಾ ಅಣ್ಣನ ತಲೆಯ ಮೇಲೆ.

ಎತ್ತರವೆಂದರೆ ಅವರಿಗೆ ಅಷ್ಟು ಭಯ. ಮೇಟಗಳ್ಳಿ ಕಡೆಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಮಾಡಿ ನಿವೃತ್ತರಾದರು. ನಡುವೆ ಬಡ್ತಿ ಬಂದಿತ್ತು. ಹೊಸ ಮೇಜು ಮೂರನೇ ಮಹಡಿಯಲ್ಲಿ, ಕಿಟಕಿಯ ಪಕ್ಕ ಎಂದು ಗೊತ್ತಾಗಿ ಬೇಡವೆಂದರು. ಮದುವೆಯನ್ನೂ ಬೇಡವೆಂದವರೇ. ಅದಕ್ಕೆ ಕಾರಣ ಯಾರಿಗೂ ತಿಳಿಯದು. ಛತ್ರ ಮೇಲಿನ ಮಹಡಿಯಲ್ಲಿತ್ತು ಎಂದು ನಮ್ಮವರು ಹಾಸ್ಯ ಮಾಡುತ್ತಾರೆ.

ನಮ್ಮ ಮಗಳು ಚಿಕ್ಕವಳಿದ್ದಾಗ ದಸರಾ ವಸ್ತುಪ್ರದರ್ಶನಕ್ಕೆ ಹೋಗಿದ್ದೆವು. ನಾನು, ನಮ್ಮವರು, ಮಗಳು ಜೈಂಟ್ ವೀಲ್ ಹತ್ತಿದೆವು. ಒಂದು ಸುತ್ತು ಮುಗಿಸಿ ಕೆಳಗೆ ಬರುವಾಗ ನೋಡುತ್ತೇನೆ, ಭಾವನವರು ಬೇಲಿ ದಾಟಿ ಒಳಗೆ ಬಂದು ಅದರ ದಪ್ಪ ಕಬ್ಬಿಣದ ಕಾಲನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು ನಿಂತಿದ್ದಾರೆ. ತಿರುಗಿಸುವವನು ಬೇಡುತ್ತಿದ್ದ.

"ಯಜಮಾನ್ರೇ, ಅದು ಬೀಳಕಿಲ್ಲ. ಬುಟ್ಬುಡಿ."

"ಯಾಕೆ ಬೀಳ್ತಿಲ್ಲ ಹೇಳು?" ಎಂದರು ಭಾವನವರು, ನೆಲ ನೋಡುತ್ತಲೇ. "ನಾನು ಹಿಡ್ಕೊಂಡಿದೀನಿ ಅದಕ್ಕೆ."

ಅವತ್ತು ನಿಜವಾಗಿಯೂ ಏನೂ ಬೀಳಲಿಲ್ಲ.

ನನಗೆ ಈ ವಿದ್ಯೆಯ ಪರಿಚಯವಾದದ್ದು ಮದುವೆಯಾದ ವರ್ಷ, ಗೌರಿ ಹಬ್ಬದ ಬೆಳಿಗ್ಗೆ. ಹೊಸ ಸೊಸೆ, ಮಾವಿನ ತೋರಣ ಕಟ್ಟೋಣವೆಂದು ಸ್ಟೂಲು ಹತ್ತಿದ್ದೆ. ಇದ್ದಕ್ಕಿದ್ದಂತೆ ಸ್ಟೂಲು ನೆಲಕ್ಕೆ ಬೇರು ಬಿಟ್ಟ ಹಾಗೆ ಗಟ್ಟಿಯಾಯಿತು. ಬಗ್ಗಿ ನೋಡಿದರೆ ಭಾವನವರು ಕುಕ್ಕುರುಗಾಲಲ್ಲಿ ಕುಳಿತು, ಸ್ಟೂಲಿನ ಕಾಲುಗಳನ್ನು ಹಿಡಿದು, ನೆಲದಲ್ಲಿ ಏನೋ ಬರೆದಿದೆ ಅನ್ನುವಂತೆ ಓದುತ್ತಿದ್ದಾರೆ. ಸಂಕೋಚದಿಂದ ನನ್ನ ಮೈ ಹಿಡಿಯಾಯಿತು. ಅವರು ಒಂದು ಸಲವೂ ತಲೆ ಎತ್ತಲಿಲ್ಲ. "ಆಯ್ತೇನಮ್ಮ?" ಎಂದರು. ಆಯಿತು ಎಂದೆ. ಎದ್ದು ಹೋದರು. ಆಮೇಲೊಮ್ಮೆ ಧೈರ್ಯ ಮಾಡಿ ಕೇಳಿದೆ, ಯಾಕೆ ಭಾವ, ಮೇಲೆ ನೋಡುವುದೇ ಇಲ್ಲವಲ್ಲ ನೀವು?

"ಹಿಡಿದವರು ಮೇಲೆ ನೋಡ್ಬಾರ್ದು ಕಣಮ್ಮ. ಮೇಲಿರೋರ್ನ ನೋಡಿದ್ರೆ ಮನಸ್ಸು ಅವರ ಹಿಂದೆ ಹೋಗುತ್ತೆ, ಕೈ ಸಡಿಲ ಆಗುತ್ತೆ. ಬೀಳೋದು ಮೇಲಿಂದ, ಆದ್ರೆ ಜಾರೋದು ಕೆಳಗಿಂದ. ನಮ್ಮ ಕಣ್ಣು ಜಾರೋ ಕಡೆ ಇರ್ಬೇಕು."

ಇಂಥವರಿರುವ ಮನೆಯ ತುತ್ತತುದಿಯಲ್ಲಿರುವ ಮರದ ಹಲಗೆಗೆ ಬಣ್ಣ ಹೊಡೆಸಬೇಕಾಗಿ ಬಂತು ನೋಡಿ, ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ನಮ್ಮದು ಮಹಡಿ ಮನೆ. ಮಹಡಿಯ ಮುಂಭಾಗಕ್ಕೆ ಮಾತ್ರ ಇಳಿಜಾರು ಹೆಂಚು. ಆ ಹೆಂಚಿನ ಅಂಚಿಗೆ ಉದ್ದಕ್ಕೂ ಕೆತ್ತನೆಯ ತೇಗದ ಹಲಗೆ. ಊರಲ್ಲಿ ಯಾವುದೋ ಹಳೆಯ ಬಂಗಲೆ ಒಡೆಯುವಾಗ ನಮ್ಮ ಮಾವನವರು ಹರಾಜಿನಲ್ಲಿ ಹಿಡಿದು, ಎತ್ತಿನ ಗಾಡಿಯಲ್ಲಿ ತಂದು ಕೂರಿಸಿದ್ದು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಆದರೆ ನಿಂತು ನೋಡುವವರಿಗೆ ಕಾಣದಿದ್ದದ್ದು ಏನೆಂದರೆ, ಬಣ್ಣ ಕಾಣದೆ ಎಷ್ಟೋ ಮಳೆಗಾಲ ನೆನೆದು ಅದು ಒಳಗೊಳಗೇ ಮೆತ್ತಗಾಗಿತ್ತು. ಬೇಸಿಗೆಯ ಒಂದು ಮಧ್ಯಾಹ್ನ ಗಾಳಿಗೆ ಒಂದು ಚೂರು ಕಿತ್ತು ಬಂದು ಶಾರದಮ್ಮನವರ ಸ್ಕೂಟರಿನ ಸೀಟಿಗೆ ಚುಚ್ಚಿಕೊಂಡು ನಿಂತಿತು. ಶಾರದಮ್ಮ ಒಳ್ಳೆಯವರು. ಅದನ್ನು ಹಾಗೆಯೇ ಕಿತ್ತು ತಂದುಕೊಟ್ಟು, "ನಾನು ಕೂತಿರ್ಲಿಲ್ಲ, ಪುಣ್ಯ," ಎಂದಷ್ಟೇ ಹೇಳಿದರು.

ಮಳೆ ಹಿಡಿಯುವುದರೊಳಗೆ ಬಣ್ಣ ಬೀಳದಿದ್ದರೆ ಹಲಗೆ ಉಳಿಯುವುದಿಲ್ಲ, ಅದರ ಹಿಂದೆಯೇ ಹೆಂಚೂ ಇಳಿಯುತ್ತದೆ ಎಂದಾಯಿತು. ಪೇಂಟರ್ ಮಹದೇವು ಬಂದ. ಅಂಗಳದಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ಮೇಲೆ ನೋಡಿದ. ಆಮೇಲೆ ಒಂದು ಮೊತ್ತ ಹೇಳಿದ. ನಮ್ಮವರು ಗೋಡೆ ಹಿಡಿದುಕೊಂಡರು.

"ಮನೆಗೆಲ್ಲಾ ಸೇರಿಸಿ ಹೇಳ್ತಿದ್ದೀಯೇನಪ್ಪಾ?"

"ಇಲ್ಲ ಸಾ, ಬರೀ ಆ ಅಲಗೆಗೆ. ಬಣ್ಣಕ್ಕೆ ಕಮ್ಮಿನೇಯ, ಭಯಕ್ಕೆ ಜಾಸ್ತಿ."

ವಿಷಯವೇನೆಂದರೆ, ಅಷ್ಟು ಎತ್ತರಕ್ಕೆ ಸಾರವೆ ಕಟ್ಟಬೇಕು. ಮನೆಯ ಮುಂಭಾಗಕ್ಕೆಲ್ಲ ಮರ ನಿಲ್ಲಿಸಿ, ಅಡ್ಡ ಹಲಗೆ ಹಾಸಿ, ಮೇಲೆ ನಿಂತು ಕೆಲಸ ಮಾಡುವ ಅಟ್ಟಣೆ. ಅದರ ಮರ, ಬಾಡಿಗೆ, ಕಟ್ಟುವ ಬಿಚ್ಚುವ ಕೂಲಿ ಎಲ್ಲ ಸೇರಿದರೆ ಬಣ್ಣದ ಖರ್ಚು ಅದರ ಮುಂದೆ ಉಪ್ಪಿನಕಾಯಿ.

"ಏಣಿ ಹಾಕಿ ಹೊಡೆದರೆ?" ಎಂದರು ನಮ್ಮವರು.

"ಏಣಿಯಾದ್ರೆ ಅರ್ಧಕ್ಕರ್ಧ ಇಳೀತದೆ ಸಾ. ಆದ್ರೆ ನಾನು ಅತ್ತಕಿಲ್ಲ. ಬೇರೆಯೋರ್ನ ನೋಡ್ಕಳಿ."

"ಸಾರವೇನೇ ಕಟ್ಟಲಿ," ಎಂದರು ಭಾವನವರು ಪಕ್ಕದಿಂದ. ಅಷ್ಟು ಹೊತ್ತೂ ಅವರು ಮಹದೇವು ಒರಗಿನಿಂತಿದ್ದ ಅವನ ಸೈಕಲ್ಲನ್ನು ಹಿಡಿದುಕೊಂಡಿದ್ದರು.

"ನಿಂಗೇನು ಹೇಳೋಕೆ, ಅಣ್ಣ. ಸಾರವೆಗೆ ಸುರಿಯೋ ದುಡ್ಡಲ್ಲಿ ಒಳಗೆಲ್ಲ ಸುಣ್ಣಬಣ್ಣ ಆಗಿ ಮಿಗುತ್ತೆ."

"ಮಿಕ್ಕಿದ್ದನ್ನ ಆಸ್ಪತ್ರೆಗೆ ಕಟ್ಟು."

ಅವತ್ತಿಗೆ ಮಾತು ನಿಂತಿತು. ಅಂದರೆ ಅವರಿಬ್ಬರ ನಡುವೆ ನಿಂತಿತು, ನನಗೆ ಶುರುವಾಯಿತು. ಒಂದೇ ಊಟದ ಮೇಜು. ಆ ತುದಿಗೆ ಅಣ್ಣ, ಈ ತುದಿಗೆ ತಮ್ಮ. ನಡುವೆ ಸೌಟು ಹಿಡಿದ ನಾನು.

"ಅವನಿಗೆ ಹೇಳಮ್ಮ, ಸಾರವೆ ದುಡ್ಡು ನನ್ನ ಪೆನ್ಷನ್ನಲ್ಲಿ ಹಾಕ್ತೀನಿ ಅಂತ."

"ಅವನಿಗೆ ಹೇಳು, ಅಪ್ಪನ ಹಲಗೆಗೆ ಅಣ್ಣನ ಪೆನ್ಷನ್ ಬೇಕಿಲ್ಲ ಅಂತ."

"ಅವನಿಗೆ ಹೇಳಮ್ಮ, ಹುಳಿ ಚೆನ್ನಾಗಿದೆ ಅಂತ."

"ಅದನ್ನ ಮಾಡಿದವಳು ನಾನು ಭಾವ," ಎಂದೆ.

ನಡುವೆ ಒಂದು ಪ್ರಯೋಗವೂ ನಡೆಯಿತು. ನೆಲದಿಂದಲೇ ಬಣ್ಣ ಹೊಡೆಯುವುದು! ಇದು ಭಾವನವರ ಯೋಜನೆ. ಉದ್ದದ ಎರಡು ಗಳಗಳನ್ನು ಒಂದಕ್ಕೊಂದು ಕಟ್ಟಿ, ತುದಿಗೆ ಬ್ರಷ್ಷು ಬಿಗಿದು, ಹಸಿರು ಬಣ್ಣದಲ್ಲಿ ಅದ್ದಿ ನಮ್ಮವರ ಕೈಗೆ ಕೊಟ್ಟರು. ಗಳ ಮೇಲೆ ಹೋಗುತ್ತಾ ಹೋಗುತ್ತಾ ಬಿಲ್ಲಿನ ಹಾಗೆ ಬಾಗಿತು. ಹಲಗೆ ಮುಟ್ಟುವುದರೊಳಗೆ ಬ್ರಷ್ಷಿನ ಬಣ್ಣವೆಲ್ಲ ಗಳದ ಮೇಲೆ ಹರಿದು ನಮ್ಮವರ ತೋಳು ದಾಟಿ ಬನಿಯನ್ನಿನೊಳಗೆ ಇಳಿಯಿತು. ಸಂಜೆಗೆ ಲೆಕ್ಕ ಹಾಕಿದರೆ ತುಳಸಿಕಟ್ಟೆ ಅರ್ಧ ಹಸಿರು, ಮಲ್ಲಿಗೆ ಬಳ್ಳಿ ಇನ್ನಷ್ಟು ಹಸಿರು, ನಮ್ಮವರು ಪೂರ್ತಿ ಹಸಿರು. ಹಲಗೆ ಮಾತ್ರ ಇದ್ದ ಹಾಗೇ ಇತ್ತು. ಸೀಮೆಎಣ್ಣೆ ಸಿಗದ ಈ ಕಾಲದಲ್ಲಿ ಗಂಡನನ್ನು ತಿಕ್ಕಿ ತಿಕ್ಕಿ ಬಿಳಿ ಮಾಡುವ ಕಷ್ಟ ನನಗೆ ಗೊತ್ತು.

ಅಷ್ಟರಲ್ಲಿ ಸಂಜೆ ಹೊತ್ತು ಚಾಮುಂಡಿ ಬೆಟ್ಟದ ಕಡೆ ಮೋಡ ಕಟ್ಟತೊಡಗಿತು. ಒಂದು ಶನಿವಾರ ನಮ್ಮವರು ಪೇಪರ್ ಮಡಿಸಿಟ್ಟು ಶಾಂತವಾಗಿ ಹೇಳಿದರು, "ನಾಳೆ ನಾನೇ ಹತ್ತಿ ಹೊಡೀತೀನಿ. ಅಣ್ಣನಿಗೆ ಹೇಳು."

ಅಣ್ಣ ಎದುರಿಗೇ ಕುಳಿತಿದ್ದರು. ಅವರ ಮುಖ ಸಪ್ಪಗಾಯಿತು. ನಮ್ಮವರೋ ಐವತ್ತೊಂಬತ್ತರ ಗಂಡಸು, ಮಂಡಿ ನೋವಿಗೆ ದಿನಾ ಎಣ್ಣೆ ಹಚ್ಚಿಸಿಕೊಳ್ಳುವವರು, ಎರಡು ಮಹಡಿ ಎತ್ತರಕ್ಕೆ ಹತ್ತುತ್ತೇನೆ ಎನ್ನುತ್ತಾರಲ್ಲ! ನಾನು ಬೇಡಿದೆ, ಬೈದೆ, ಮಗಳಿಗೆ ಫೋನು ಮಾಡಿಸಿದೆ. ಹಟ ಬಿಡಲಿಲ್ಲ. ಭಾವನವರು ಮಾತ್ರ ಎದ್ದು ಹಿತ್ತಲಿಗೆ ಹೋದರು. ಕಾರ್ಖಾನೆಯ ಹಳೆ ಸಾಮಾನಿನ ಮಾರಾಟದಲ್ಲಿ ಕೊಂಡಿದ್ದ ಅವರ ಅಲ್ಯುಮಿನಿಯಂ ಏಣಿ ಅಲ್ಲಿತ್ತು. ಅದರ ಪ್ರತಿಯೊಂದು ಮೆಟ್ಟಿಲನ್ನೂ ಬೆರಳಿನಿಂದ ತಟ್ಟಿ ತಟ್ಟಿ ಕೇಳಿಸಿಕೊಳ್ಳುತ್ತಾ ಕುಳಿತರು. ಬೀಗರ ಮನೆಯಿಂದ ಬಂದ ತೆಂಗಿನಕಾಯಿಯನ್ನು ನಾವು ತಟ್ಟುತ್ತೇವಲ್ಲ, ಹಾಗೆ.

ಭಾನುವಾರ ಬೆಳಿಗ್ಗೆ ನಮ್ಮ ಅಂಗಳ ನೋಡಬೇಕಿತ್ತು. ಮನೆಯಲ್ಲಿದ್ದ ಹಾಸಿಗೆಗಳೆಲ್ಲ ಏಣಿಯ ಸುತ್ತ ಬಿಸಿಲು ಕಾಯುತ್ತಿದ್ದವು. ನಮ್ಮವರ ತಲೆಗೆ ಹೆಲ್ಮೆಟ್ಟು, ಸೊಂಟಕ್ಕೆ ಬಾವಿಯ ಹಗ್ಗ. ಹಗ್ಗದ ಇನ್ನೊಂದು ತುದಿಯನ್ನು ಮಹಡಿಯ ಕಿಟಕಿ ಸರಳಿಗೆ ಕಟ್ಟುವ ಕೆಲಸ ನನ್ನದು, ಯಾಕೆಂದರೆ ಭಾವನವರು ಮಹಡಿಗೆ ಬಂದರೂ ಕಿಟಕಿಯ ಹತ್ತಿರ ಬರುವವರಲ್ಲ. ಅಂಗಳದಲ್ಲಿ ನಿಂತು ಫೋನಿನಲ್ಲಿ ಹೇಳುತ್ತಿದ್ದರು.

"ಗಂಟು ಹಾಕಿದ್ಯೇನಮ್ಮ?"

"ಹಾಕಿದೆ ಭಾವ."

"ಅದರ ಮೇಲೆ ಇನ್ನೊಂದು ಹಾಕು."

"ಹಾಕಿದೆ."

"ಈಗ ಅದನ್ನ ಬಿಚ್ಚೋಕಾಗುತ್ತಾ ನೋಡು."

"ಆಗಲ್ಲ."

"ಸರಿ, ಇನ್ನೊಂದು ಹಾಕು."

ಕೆಳಗೆ ಬಂದರೆ, ಏಣಿ ಹಿಂದಕ್ಕೆ ಜಾರದ ಹಾಗೆ ಅದರ ಕಾಲುಗಳ ಹಿಂದೆ ಒಂದಿಷ್ಟು ಅಂತರದಲ್ಲಿ ನಮ್ಮತ್ತೆಯ ಕಾಲದ ಒರಳುಕಲ್ಲನ್ನು ಉರುಳಿಸಿ ತಂದು ಇಟ್ಟಿದ್ದರು. ನಮ್ಮವರು ನನ್ನ ಕಡೆ ತಿರುಗಿ ನಕ್ಕರು. "ಮೇಲಿಂದ ಬಿದ್ರೆ ದೋಸೆಗೆ ರುಬ್ಬೋಕೆ ಅನುಕೂಲ ಅಂತಾನಾ?" ಭಾವನವರು ನಗಲಿಲ್ಲ.

ಇನ್ನು ಏಣಿಯ ಪೂಜೆ. ಪ್ರತಿ ವರ್ಷ ಆಯುಧಪೂಜೆಯಲ್ಲಿ ಬೀದಿಯವರೆಲ್ಲ ಸ್ಕೂಟರು, ಕಾರು ತೊಳೆದು ಪೂಜಿಸುವಾಗ ನಮ್ಮ ಭಾವನವರು ಹಿತ್ತಲಲ್ಲಿ ಏಣಿಗೆ ಪೂಜೆ ಮಾಡುತ್ತಾರೆ. ಬಾಳೆಕಂದು ಕಟ್ಟಿ, ಮೆಟ್ಟಿಲು ಮೆಟ್ಟಿಲಿಗೂ ವಿಭೂತಿ ಪಟ್ಟೆ ಬಳಿದು, ಮಂಗಳಾರತಿ ಎತ್ತಿ, ಕೊನೆಗೆ ವಾಹನದ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಒಡೆಸುವ ಹಾಗೆಯೇ ಏಣಿಯ ಕಾಲಿಗೂ ಒಡೆಸುತ್ತಾರೆ. ಸ್ಕೂಟರಾದರೆ ಉರುಳುತ್ತದೆ, ಏಣಿ ಉರುಳುವುದಿಲ್ಲವಲ್ಲ? ಅದಕ್ಕೇ ಎರಡು ಕಾಲಿನಡಿಗೂ ಒಂದೊಂದು ನಿಂಬೆಹಣ್ಣಿಟ್ಟು ಯಾರನ್ನಾದರೂ ಮೊದಲ ಮೆಟ್ಟಿಲ ಮೇಲೆ ನಿಲ್ಲಿಸುತ್ತಾರೆ. ಆ ಭಾನುವಾರವೂ ಅಷ್ಟೂ ಆಯಿತು. ನಮ್ಮವರು ಹೆಲ್ಮೆಟ್ಟಿನೊಳಗಿಂದ ಗೊಣಗುತ್ತಾ ಮೆಟ್ಟಿಲೇರಿ ನಿಂತರು. ಪಚಕ್ಕೆಂದು ಎರಡೂ ಹಣ್ಣು ಒಡೆದವು. ನೆಲದ ಟೈಲ್ಸಿನ ಮೇಲೆ ರಸ ಹರಿಯಿತು. ನಾನು ಒರೆಸುವ ಬಟ್ಟೆ ತಂದೆ.

"ಪೂಜೆ ಮಾಡಿದ್ದನ್ನ ಯಾರಾದ್ರೂ ಒರೆಸ್ತಾರೇನಮ್ಮ? ಕೆಲಸ ಮುಗಿಯೋವರೆಗೂ ಹಾಗೇ ಇರ್ಲಿ," ಎಂದರು ಭಾವನವರು.

ನಮ್ಮವರು ಹತ್ತಿದರು. ಭಾವನವರು ಏಣಿ ಹಿಡಿದರು. ನಾನು ಜಗಲಿಯಲ್ಲಿ ನಿಂತೆ. ಎದುರುಮನೆ ಗೇಟಿನಲ್ಲಿ ಶಾರದಮ್ಮ ಫೋನು ಎತ್ತಿ ಹಿಡಿದು ವಿಡಿಯೋ ಮಾಡಲು ಸಿದ್ಧರಾದರು.

ಮೊದಲಿಗೆ ಎಲ್ಲ ಸರಾಗ. ಹಸಿರು ಬಣ್ಣ ಹಲಗೆಯ ಕೆತ್ತನೆಯ ಬಳ್ಳಿಗಳ ಮೇಲೆ ಹರಡುತ್ತಾ ಹೋಗುವುದು ನೋಡಿ ನನಗೇ ಒಂದು ಕ್ಷಣ ಖುಷಿಯಾಯಿತು. "ಹೆಂಗೆ?" ಎಂದು ನಮ್ಮವರು ಮೇಲಿಂದ ಕೂಗಿದರು. "ಮಾತಾಡ್ಬೇಡ," ಎಂದರು ಭಾವನವರು ಕೆಳಗಿನಿಂದ. ಎಷ್ಟೋ ದಿನದ ಮೇಲೆ ಅವರಿಬ್ಬರೂ ನೇರವಾಗಿ ಆಡಿದ ಮೊದಲ ಮಾತು ಅದು. ನಮ್ಮವರು ಹಲಗೆಯ ಕೊನೆ ಮುಟ್ಟಬೇಕೆಂದು ಬಲಕ್ಕೆ ವಾಲಿದರು. ಇನ್ನೂ ಸ್ವಲ್ಪ ವಾಲಿದರು.

ಏಣಿಯ ಕಾಲಿನ ರಬ್ಬರಿನಡಿ ನಿಂಬೆಹಣ್ಣಿನ ಸಿಪ್ಪೆ ಜಾರಿತು.

ಸರ್ರೆಂದು ಸದ್ದಾಯಿತು. ಏಣಿ ಒಂದು ಗೇಣು ಹಿಂದಕ್ಕೆ ಬಂತು. ಭಾವನವರು ಮೈಭಾರವನ್ನೆಲ್ಲ ಹಾಕಿ ತಡೆದರೂ ಬಂತು. ಬಂದು, ಠಣ್ಣೆಂದು ಒರಳುಕಲ್ಲಿಗೆ ಬಡಿದು ನಿಂತಿತು. ಮೇಲಿನಿಂದ ಡಬ್ಬಿ ಬಿದ್ದು ಹಾಸಿಗೆಯ ಮೇಲೆ ಹಸಿರು ಚೆಲ್ಲಿತು.

ನಮ್ಮವರು ಎರಡೂ ಕೈಯಲ್ಲಿ ಆ ಹಲಗೆಯನ್ನೇ ತಬ್ಬಿಕೊಂಡಿದ್ದರು. ಕಾಲು ಏಣಿಯ ಮೇಲೇ ಇತ್ತು.

ಭಾವನವರು ನೆಲ ನೋಡಿದರು. ಹಿತ್ತಲ ಮಣ್ಣಿನಲ್ಲಿ ಪ್ರತಿ ವರ್ಷ ಇಂಗಿಹೋಗುತ್ತಿದ್ದ ನಿಂಬೆರಸ ಇಲ್ಲಿ ಟೈಲ್ಸಿನ ಮೇಲೆ ಮಿರಮಿರ ಹೊಳೆಯುತ್ತಿತ್ತು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಹೆಗಲ ಟವೆಲ್ಲು ತೆಗೆದು ಏಣಿಯ ಕಾಲಿನ ಸುತ್ತ ಗಸಗಸ ಒರೆಸಿದರು. ಒರಳುಕಲ್ಲನ್ನು ಭುಜದಿಂದ ನೂಕಿ ಏಣಿಗೆ ಇನ್ನಷ್ಟು ಒತ್ತಿಸಿದರು.

"ಇಳಿಯೋ. ಈಗ ಏನೂ ಆಗಲ್ಲ, ನಿಧಾನಕ್ಕೆ ಇಳಿ."

ನಮ್ಮವರು ಹಲಗೆಗೆ ಇನ್ನಷ್ಟು ಅಂಟಿಕೊಂಡರು.

"ರೀ, ಇಳೀರಿ," ಎಂದೆ ನಾನು.

"ಆಗ್ತಿಲ್ಲ ಕಣೇ." ಆ ಧ್ವನಿ ನಾನು ಮದುವೆಯಾದ ಮನುಷ್ಯನದಲ್ಲ, ಯಾವುದೋ ಸಣ್ಣ ಹುಡುಗನದು. "ಕಾಲು ಬರ್ತಿಲ್ಲ."

"ಅಗ್ನಿಶಾಮಕದೋರ್ನ ಕರೀಲಾ?" ಎಂದರು ಶಾರದಮ್ಮ ಗೇಟಿನಿಂದ. ಕರೆಯಬಹುದಿತ್ತು. ಅವರು ಬರುವವರೆಗೆ ಆ ಹಲಗೆ ಕಾಯಬೇಕಲ್ಲ? ಆಗಲೇ ಅದು ಲಟಕ್ ಎಂದು ಒಂದು ಸಣ್ಣ ಸದ್ದು ಮಾಡಿತು. ಒಳಗೊಳಗೇ ಮೆತ್ತಗಾದ ಮರ. ಅದನ್ನು ಹಿಡಿದಿರುವವರಿಗೂ ಗೊತ್ತು, ಕೆಳಗಿರುವ ನಮಗೂ ಗೊತ್ತು. ಸೊಂಟದ ಹಗ್ಗವಿತ್ತು ನಿಜ. ಆದರೆ ಆ ಗಂಟು ಹಾಕಿದವಳು ನಾನು. ಜೀವಮಾನವಿಡೀ ಹೂವು ಕಟ್ಟಿದ ಕೈ.

ಭಾವನವರು ನನ್ನ ಕಡೆ ತಿರುಗಿದರು.

"ಬಾಮ್ಮ, ಹಿಡ್ಕೊ."

ನನಗೆ ಅರ್ಥವಾಗಲಿಲ್ಲ. ಅವರು ಏಣಿಯನ್ನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ನಾನು ಯಾವತ್ತೂ ನೋಡಿದವಳಲ್ಲ. ನನ್ನ ಎರಡೂ ಕೈ ತಾವೇ ಹಿಡಿದು ಏಣಿಯ ಮೇಲಿಟ್ಟರು. ನನ್ನ ಪಾದವನ್ನು ಎಲ್ಲಿ ಒತ್ತಬೇಕೆಂದು ತೋರಿಸಿದರು.

"ಏನಾದ್ರೂ ಆಗ್ಲಿ, ಮೇಲೆ ನೋಡ್ಬೇಡ. ನೋಡಲ್ಲ ಅನ್ನು."

"ನೋಡಲ್ಲ ಭಾವ."

ಚಪ್ಪಲಿ ಬಿಟ್ಟರು. ಪಂಚೆಯನ್ನು ಕಚ್ಚೆ ಹಾಕಿದರು. ಆಮೇಲೆ ಅವರ ಒಡೆದ ಹಿಮ್ಮಡಿ ನನ್ನ ಮೂಗಿನ ಮುಂದೆ ಮೊದಲ ಮೆಟ್ಟಿಲ ಮೇಲೆ ಬಂದು ಕೂತಿತು. ಅಡುಗೆಮನೆಯ ಸ್ಟೂಲೂ ಹತ್ತದವರು.

ಇಲ್ಲಿಂದ ಮುಂದೆ ಏನಾಯಿತೆಂದು ನಾನು ಕಂಡದ್ದನ್ನು ಹೇಳಿ ಎಂದರೆ, ಕಂಡದ್ದು ಇಷ್ಟೇ. ಏಣಿಯ ಕಾಲಿನ ಕಪ್ಪು ರಬ್ಬರು. ಅದರ ಪಕ್ಕ ಒರೆಸಿ ಉಳಿದ ಒಂದು ನಿಂಬೆ ಬೀಜ. ಎಲ್ಲಿಂದಲೋ ಬಂದು ಆ ಬೀಜದ ಸುತ್ತ ಓಡಾಡುತ್ತಿದ್ದ ಒಂದು ಇರುವೆ. ಉಳಿದದ್ದೆಲ್ಲ ಕೇಳಿದ್ದು. ಏಣಿ ಒಂದೊಂದು ಮೆಟ್ಟಿಲಿಗೂ ನನ್ನ ಅಂಗೈಯೊಳಗೆ ಮಿಡುಕುತ್ತಿತ್ತು. ನಡುವೆ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಮೇಲಿನಿಂದ "ಶಿವಾ, ಶಿವಾ" ಎಂಬ ಪಿಸುಮಾತು. ಮತ್ತೆ ಮಿಡುಕು. ಒಂದು ಹನಿ ಹಸಿರು ಬಣ್ಣ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ನೋಡಿಬಿಡಲೇ ಎಂದು ಕತ್ತು ತಾನಾಗಿಯೇ ಏಳುತ್ತಿತ್ತು. ಗಂಡ ಮೇಲಿದ್ದಾಗ ಇರುವೆ ನೋಡುತ್ತಾ ನಿಲ್ಲುವುದು ಎಷ್ಟು ಕಷ್ಟ ಎಂದು ಯಾರಿಗೆ ಹೇಳಲಿ? ಇಷ್ಟು ವರ್ಷ ನಾವೆಲ್ಲ ನಗುತ್ತಿದ್ದ ಆ ಕೆಲಸವನ್ನು ಅವರು ಹೇಗೆ ಮಾಡುತ್ತಿದ್ದರು?

ಕೊನೆಗೆ ಮಿಡುಕು ನಿಂತಿತು.

"ಮರಿ," ಎಂದಿತು ಭಾವನವರ ಧ್ವನಿ, ಬಹಳ ಮೇಲಿನಿಂದ.

"ಅಣ್ಣ? ನೀನ್ಯಾಕೋ ಹತ್ತಿದೆ?"

"ಹತ್ತಿ ಬಂದ್ಬುಟ್ಟೆ. ಇನ್ನು ಇಬ್ರೂ ಇಲ್ಲೇ ಸಂಸಾರ ಮಾಡೋಕಾಗಲ್ಲ, ಇಳಿಯೋಣ."

"ನಿಂಗೆ ತಲೆ ಸುತ್ತುತ್ತಲ್ಲೋ."

"ಸುತ್ತುತ್ತಿದೆ. ಕಣ್ಣು ಬಿಟ್ಟಿದೀಯಾ?"

"ಇಲ್ಲ."

"ನಾನೂ ಬಿಟ್ಟಿಲ್ಲ. ಬಿಡ್ಬೇಡ, ಹಾಗೇ ಇರು. ಸೀಬೆ ಮರ ಅನ್ಕೋ."

ಇರುವೆ ಬೀಜ ಬಿಟ್ಟು ನನ್ನ ಕಾಲ ಕಡೆ ಹೊರಟಿತು.

"ಆಗ ನೀನು ಕೆಳಗಿರ್ತಿದ್ದೆ," ಎಂದರು ನಮ್ಮವರು.

"ಈಗ್ಲೂ ಕೆಳಗೇ ಇದೀನಿ ಕಣೋ. ನಿನ್ನ ಕಾಲ ಕೆಳಗೆ. ನಿನ್ನ ಬಲಗಾಲು ಹಿಡ್ಕೊಂಡಿದೀನಿ, ಗೊತ್ತಾಗ್ತಿದೆಯಾ? ಬಿಡು. ಅದನ್ನ ನನಗೆ ಬಿಟ್ಬುಡು. ಹಾಂ. ಇಲ್ಲಿಟ್ಟೆ. ಈಗ ಎಡಗಾಲು."

ಮೇಲೆ ಮರ ಮತ್ತೊಮ್ಮೆ ಲಟಕ್ಕೆಂದಿತು. ಹಲಗೆಯ ಒಂದು ತುಂಡು ನನ್ನ ಬೆನ್ನ ಹಿಂದೆ ಹಾಸಿಗೆಯ ಮೇಲೆ ದೊಪ್ಪೆಂದು ಬಿತ್ತು. ಶಾರದಮ್ಮ ಕಿಟಾರನೆ ಕಿರುಚಿದರು. ನಾನು ಏಣಿಯನ್ನು ಇನ್ನಷ್ಟು ಬಿಗಿ ಹಿಡಿದೆ. ತಲೆ ಎತ್ತಲಿಲ್ಲ.

"ಏನದು?" ಎಂದರು ನಮ್ಮವರು.

"ಸೀಬೆಕಾಯಿ," ಎಂದರು ಭಾವನವರು. "ಎಡಗಾಲು ಕೊಡು."

ಹಾಗೇ ಒಂದೊಂದೇ ಕಾಲು. ಬಲ, ಎಡ. ಅವರು ತಮ್ಮದೊಂದು ಕಾಲು ಇಳಿಸುವುದು, ತಮ್ಮನದೊಂದು ಕಾಲು ಹಿಡಿದು ಇಳಿಸುವುದು. ನನ್ನ ಅಂಗೈಗಳಿಗೆ ಎಲ್ಲ ತಿಳಿಯುತ್ತಿತ್ತು. ಎಷ್ಟು ಹೊತ್ತಾಯಿತೋ ಕಾಣೆ. ಕೊನೆಗೆ ಆ ಒಡೆದ ಹಿಮ್ಮಡಿ ಮತ್ತೆ ನನ್ನ ಕಣ್ಣ ಮುಂದೆ ಬಂತು. ಅದರ ಬೆರಳುಗಳು ಮೆಟ್ಟಿಲನ್ನು ಹಕ್ಕಿಯ ಕಾಲಿನ ಹಾಗೆ ಕಚ್ಚಿಕೊಂಡಿದ್ದವು. ನೆಲ ಮುಟ್ಟಿದ ಮೇಲೂ ಮಡಚಿಕೊಂಡೇ ಇದ್ದವು.

ನಮ್ಮವರು ಹಸಿರು ಹಾಸಿಗೆಯ ಮೇಲೆ ದೊಪ್ಪೆಂದು ಕೂತು, ಹೆಲ್ಮೆಟ್ಟು ತೆಗೆದರು. ಶಾರದಮ್ಮ ಓಡಿಬಂದು, "ಅಯ್ಯೋ, ವಿಡಿಯೋ ಒತ್ತೋದೇ ಮರೆತುಹೋಯ್ತು ಕಣ್ರೀ," ಎಂದರು.

ಮುಂದಿನ ವಾರವೇ ಸಾರವೆ ಬಂತೆನ್ನಿ. ನಮ್ಮವರು ತುಟಿಪಿಟಕ್ಕೆನ್ನದೆ ಮಹದೇವು ಹೇಳಿದಷ್ಟನ್ನೂ ಕೊಟ್ಟರು. ಮುರಿದ ತುಂಡನ್ನು ಬಡಗಿ ಜೋಡಿಸಿದ. ಮಹದೇವು ಅಟ್ಟಣೆಯ ಮೇಲೆ ಕಾಲು ಇಳಿಬಿಟ್ಟು ಹಾಡಿಕೊಂಡು ಬಣ್ಣ ಹೊಡೆದ. ಭಾವನವರು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಕಂಬ ಹಿಡಿದು ನಿಂತಿದ್ದರು. "ಸಾ, ಇದು ಎಲ್ಲಾ ಸೇರಿಸಿ ಕಟ್ಟಿರೋದು, ಒಂದು ಕಂಬ ಇಡ್ಕಂಡ್ರೆ ಏನು ಬಂತು?" ಎಂದು ಅವನು ಮೇಲಿನಿಂದ ಕೇಳಿದನಂತೆ. ಆಗ ನಮ್ಮವರು ಆಫೀಸಿಗೆ ಹೊರಟವರು, ಬ್ಯಾಗು ಜಗಲಿಯಲ್ಲಿಟ್ಟು, ಹೋಗಿ ಇನ್ನೊಂದು ಕಂಬ ಹಿಡಿದುಕೊಂಡರು.

ಆದರೆ ನಾನು ಹೇಳಬೇಕೆಂದಿದ್ದದ್ದು ಅದಲ್ಲ. ಆ ಭಾನುವಾರ, ಎಲ್ಲ ಇಳಿದ ಮೇಲೆ, ಭಾವನವರು ಜಗಲಿಯ ಮೆಟ್ಟಿಲ ಮೇಲೆ ಹೋಗಿ ಕೂತರು. ನಾನು ಕಾಫಿ ತಂದೆ. ಅವರು ಲೋಟಕ್ಕೆ ಕೈ ಚಾಚಿದರು. ಕೈ ಎಷ್ಟು ನಡುಗುತ್ತಿತ್ತೆಂದರೆ ಕಾಫಿ ತುಳುಕಿ ಪಂಚೆಯ ಮೇಲೆ ಚೆಲ್ಲಿತು. ಇನ್ನೊಮ್ಮೆ ಪ್ರಯತ್ನಿಸಿದರು. ಮತ್ತೆ ಚೆಲ್ಲಿತು.

"ನಿಂಬೆಹಣ್ಣು ಇಟ್ಟೋನು ನಾನೇ ಅಲ್ವೇನಮ್ಮ," ಎಂದರು.

ಒರಳುಕಲ್ಲು ಇಟ್ಟವರೂ ನೀವೇ ಭಾವ, ಎಂದು ಹೇಳಬೇಕೆನಿಸಿತು. ಅವರ ಕೆಳಗಿನ ಮೆಟ್ಟಿಲಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಎರಡೂ ಕೈಯಲ್ಲಿ ಆ ಲೋಟದ ತಳವನ್ನು ಭದ್ರವಾಗಿ ಹಿಡಿದುಕೊಂಡೆ. ಅವರು ಸ್ವಲ್ಪ ಸ್ವಲ್ಪವೇ ಕುಡಿದರು. ನಡುವೆ ಒಂದೆರಡು ಸಲ ನಿಲ್ಲಿಸಿದರು. ನನ್ನ ಕೈಯ ಮೇಲೆ ಬೆಚ್ಚಗೆ ಏನೋ ಬಿತ್ತು. ಅದು ಕಾಫಿಯಲ್ಲ.

ನಾನು ಮೇಲೆ ನೋಡಲಿಲ್ಲ.

"ಆಯ್ತಾ ಭಾವ?" ಎಂದೆ, ನೆಲ ನೋಡುತ್ತಲೇ.